ಗ್ಲೌಸಿನ ಮೇಲೇ ಎಲ್ಲ ಭಾರ

ಕೀಮೋ ವಾರ್ಡಿನಲ್ಲಿ ಡಾಕ್ಸೊರುಬಿಸಿನ್ ಚೆಲ್ಲಿದರೆ ಎಲ್ಲರೂ ಎಚ್ಚರಾಗುತ್ತಾರೆ, ಅದು ಕಡುಕೆಂಪು. ಸೈಕ್ಲೊಫಾಸ್ಫಮೈಡ್ ಚೆಲ್ಲಿದರೆ ನೀರು ಬಿದ್ದಂತೆ ಕಾಣುತ್ತದೆ, ಒರೆಸಿ ಮುಂದೆ ಹೋಗುತ್ತಾರೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದ ವಸ್ತುಗಳ ಪಟ್ಟಿಯಲ್ಲಿರುವುದು ಈ ಬಣ್ಣವಿಲ್ಲದ್ದೇ. ರೋಗಿಗೆ ಕೆಲವು ತಿಂಗಳ ಚಿಕಿತ್ಸೆ, ಅದರಿಂದ ಲಾಭವೂ ಉಂಟು. ನರ್ಸಿಗೆ ಲಾಭವಿಲ್ಲದ ಸಣ್ಣ ಡೋಸು, ವರ್ಷಗಟ್ಟಲೆ.

ಇದು ಹೊಸ ಸಂಗತಿಯಲ್ಲ. ಇಂಥ ಔಷಧಿಗಳನ್ನು ಕೊಡುವ ನರ್ಸುಗಳ ಮೂತ್ರದಲ್ಲಿ ಜೀನ್ ಕೆಡಿಸುವ ಗುಣವನ್ನು ಫಿನ್ಲೆಂಡಿನ ಸಂಶೋಧಕರು 1979ರಲ್ಲೇ ಕಂಡಿದ್ದರು. 2004ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ವಿವರವಾದ ಎಚ್ಚರಿಕೆ ಹೊರಡಿಸಿತು. ಹಾಗಿದ್ದೂ ಸುರಕ್ಷತೆ ಎಂದೊಡನೆ ನಮಗೆ ನೆನಪಾಗುವುದು ಗ್ಲೌಸು, ಮಾಸ್ಕು. ಬೇರೆಲ್ಲ ತಡೆಗಳ ನಂತರ ಬರಬೇಕಾದದ್ದನ್ನು ಮೊದಲಿಗಿಟ್ಟು, ಜವಾಬ್ದಾರಿಯನ್ನು ನರ್ಸಿನ ಕೊರಳಿಗೆ ಕಟ್ಟುವ ಈ ಪದ್ಧತಿ ಸರಿಯಿಲ್ಲ.

ಕೆಲಸವನ್ನೇ ಹತ್ತಿರದಿಂದ ನೋಡಿ. ವಯಲ್‌ನೊಳಗೆ ಒತ್ತಡ ಹೆಚ್ಚಿದ್ದರೆ ಸೂಜಿ ಎಳೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರು ಸಿಡಿಯುತ್ತದೆ. ಸರ್ಜಿಕಲ್ ಮಾಸ್ಕ್ ಅದಕ್ಕೆ ತಡೆಯಲ್ಲ. ಸ್ಟ್ಯಾಂಡಿಗೆ ತೂಗಿದ ಬ್ಯಾಗಿಗೆ ಕತ್ತೆತ್ತಿ ಡ್ರಿಪ್ ಸೆಟ್ಟಿನ ಚೂಪು ತುದಿ (ಸ್ಪೈಕ್) ಚುಚ್ಚಿದರೆ ಹನಿ ಬೀಳುವುದು ಮುಖದ ಮೇಲೆ. ಫಾರ್ಮಸಿಯ ಸುರಕ್ಷತಾ ಕ್ಯಾಬಿನೆಟ್ಟಿನೊಳಗೇ ಔಷಧಿ ಬೆರೆಸಿ, ಸೆಟ್ ಜೋಡಿಸಿ, ಲೈನಿಗೆ ಔಷಧಿಯ ಬದಲು ಸಲೈನ್ ತುಂಬಿ ಕಳಿಸಿದರೆ ಈ ಎರಡು ಅಪಾಯವೂ ವಾರ್ಡಿಗೆ ಬರುವುದಿಲ್ಲ. ಕ್ಯಾಬಿನೆಟ್ ದುಬಾರಿ, ಒಪ್ಪೋಣ. ಸಲೈನಿಗೇನು ದುಡ್ಡು?

ಗ್ಲೌಸು ಬೇಡವೆಂದಲ್ಲ. ಕೀಮೋಗೆಂದೇ ಪರೀಕ್ಷಿಸಿದ ಎರಡು ಜೊತೆ ಬೇಕು, ಅರ್ಧ ಗಂಟೆಗೊಮ್ಮೆ ಬದಲಿಸಬೇಕು. ಒಬ್ಬಳೇ ನರ್ಸು ಹತ್ತಾರು ಡ್ರಿಪ್ ನೋಡುವ ಡೇ ಕೇರ್‌ನಲ್ಲಿ ಈ ನಿಯಮ ಗೋಡೆಯ ಮೇಲಷ್ಟೇ ಉಳಿಯುತ್ತದೆ. ಚಿಕಿತ್ಸೆಯ ನಂತರ ಸುಮಾರು 48 ಗಂಟೆ ರೋಗಿಯ ಮಲಮೂತ್ರದಲ್ಲೂ ಔಷಧಿಯ ಅಂಶ ಇರುತ್ತದೆ. ಬೆಡ್‌ಪ್ಯಾನ್ ತೆಗೆಯುವ ಆಯಾಗೆ ಇದನ್ನು ಹೇಳಿದವರು ಯಾರು?

ಉಳಿದ ಔಷಧಿ ಹಳದಿ ಚೀಲಕ್ಕೆ ಹೋಗಬೇಕು, 1200 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಸುಡಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅದೇ ಔಷಧಿ ಬೆರೆಸಿದ ಕೈಗೆ, ಮೇಜಿಗೆ ಎಷ್ಟು ಅಂಟಿತೆಂದು ಪರೀಕ್ಷಿಸುವ ಆಸ್ಪತ್ರೆಗಳು ಅಪರೂಪ.

ಗರ್ಭಿಣಿ ನರ್ಸಿಗೆ, ಅವಳು ಬಾಯಿಬಿಟ್ಟು ಕೇಳುವ ಮೊದಲೇ, ಸಂಬಳ ಕಡಿತವಿಲ್ಲದೆ ಬೇರೆ ಡ್ಯೂಟಿ ಕೊಡಬೇಕು. ಕ್ಯಾಬಿನೆಟ್ ಇಲ್ಲದ ಆಸ್ಪತ್ರೆ ವಾರ್ಡಿನ ಮೇಜಿನ ಮೇಲೆ ಕೀಮೋ ಬೆರೆಸುವುದನ್ನು ನಿಲ್ಲಿಸಬೇಕು.