128 ಬೈಟುಗಳಲ್ಲಿ ಕವಿಗೆ ಜಾಗವಿಲ್ಲ

ವಿಜಯನಗರದ ನಮ್ಮ ಗೆಳೆಯರೊಬ್ಬರು ಮನೆ ಬದಲಿಸುವಾಗ ಅಟ್ಟದ ಮೇಲಿಂದ ಹಳೆಯ ಕಂಪ್ಯೂಟರೊಂದನ್ನು ಕೆಳಗಿಳಿಸಿದರು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿ, ವಿಂಡೋಸ್ 98 ಹಾಕಿಸಿದ್ದ ಪೆಟ್ಟಿಗೆ. ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡೋಣವೆಂದು ಕರೆಂಟು ಕೊಟ್ಟರೆ ಅದು ಎದ್ದು ಕುಳಿತಿತು. ಒಳಗೆ ಎರಡು ಜಿಪ್ ಕಡತಗಳಿದ್ದವು. ಒಂದರಲ್ಲಿ ಕುರ್‌ಆನ್ ಪಠಣ: 001ರಿಂದ 114ರವರೆಗೆ ಸಂಖ್ಯೆ ಹೊತ್ತ ಎಂಪಿ3ಗಳು, ಅವುಗಳ ಫೋಲ್ಡರಿಗೆ ಪಠಿಸಿದ ಕಾರಿಯವರ ಪೂರ್ಣ ಹೆಸರು. ಇನ್ನೊಂದರಲ್ಲಿ ಹದಿನಾಲ್ಕು ಕನ್ನಡ ಭಾವಗೀತೆಗಳು: ಟ್ರ್ಯಾಕ್ 01, ಟ್ರ್ಯಾಕ್ 02, ಅಷ್ಟೇ. ಮೂರನೆಯದನ್ನು ವಿನ್ಯಾಂಪಿನಲ್ಲಿ ಹಾಕಿದಾಗ ಗೆಳೆಯರ ಮಗಳು ಕೇಳಿದಳು, ‘ನವೆಂಬರಲ್ಲಿ ಎಲ್ಲಾ ಕಡೆ ಹಾಕ್ತಾರಲ್ಲ ಇದು, ಯಾರು ಬರೆದದ್ದು ಚಾಚಾ?’ ಪರದೆಯ ಮೇಲೆ ಏನಿದೆ ನೋಡಮ್ಮ ಎಂದೆವು. ‘ಬ್ಲೂಸ್ ಅಂತಿದೆ.’

ಹಾಡು ‘ನಿತ್ಯೋತ್ಸವ’. ಬರೆದವರು ಕೆ.ಎಸ್. ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. 1978ರಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದಲೇ ಕನ್ನಡದ ಸುಗಮ ಸಂಗೀತ ಕ್ಯಾಸೆಟ್ಟಿನ ಯುಗಕ್ಕೆ ಕಾಲಿಟ್ಟಿತು ಎನ್ನುವುದುಂಟು. ಅಮೆರಿಕದ ಕರಿಯರ ಅಳಲಿನ ಸಂಗೀತವಾದ ಬ್ಲೂಸ್ ಇದಕ್ಕೆ ಅಂಟಿಕೊಂಡದ್ದು ಹೇಗೆ? ಇದು ಯಾರದೋ ಕಿಡಿಗೇಡಿತನವಲ್ಲ, ಒಂದು ಸೊನ್ನೆಯ ಕೆಲಸ. ಆ ಸೊನ್ನೆಯ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಿ.ಡಿ.ಯಲ್ಲಿ ಐದು ನಿಮಿಷದ ಹಾಡು ಸುಮಾರು 50 ಎಂ.ಬಿ. ಜಾಗ ತಿನ್ನುತ್ತದೆ. ಕಿವಿ ಹೇಗೂ ಹಿಡಿಯಲಾರದ ಸದ್ದನ್ನು ಕಳೆದು, ಸೆಕೆಂಡಿಗೆ 128 ಕಿಲೋಬಿಟ್‌ನಂತೆ ಎಂಪಿ3 ಮಾಡಿದರೆ ಅದು 5 ಎಂ.ಬಿ.ಗೂ ಕಡಿಮೆ. ಒಂದೇ ಸಿ.ಡಿ.ಯಲ್ಲಿ ನೂರೈವತ್ತು ಹಾಡು ಸಿಗುವ ಮಾಯೆ ಇದೇ. ಇಂಥ ಎಂಪಿ3ಗಳನ್ನು ಜಿಪ್ ಮಾಡಿದರೆ ಗಾತ್ರ ಮತ್ತೆ ಕುಗ್ಗುವುದಿಲ್ಲ. ಹಿಂಡಿದ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಂತೆ. ಆದರೂ ಜನ ಜಿಪ್ ಮಾಡುತ್ತಿದ್ದುದು ಗಂಟು ಕಟ್ಟಲಿಕ್ಕೆ: ಹಾಡುಗಳು ಚದುರದೆ ಒಂದೇ ಕಡತವಾಗಿ ರಾಜಾಜಿನಗರದಿಂದ ಕೆಂಗೇರಿಗೆ ಹೋಗಲಿ ಎಂದು.

ಎಂಪಿ3 ಎಂಬ ಈ ರೂಪದಲ್ಲಿ ಮೊದಲಿಗೆ ಹೆಸರಿಗೆ ಜಾಗವೇ ಇರಲಿಲ್ಲ. ಅದರಲ್ಲಿದ್ದುದು ಬರೀ ಸದ್ದು. 1996ರಲ್ಲಿ ಎರಿಕ್ ಕೆಂಪ್ ಎಂಬವರು ಕಡತದ ಬಾಲಕ್ಕೆ 128 ಬೈಟುಗಳ ಚೀಟಿಯೊಂದನ್ನು ಅಂಟಿಸುವ ಉಪಾಯ ಕಂಡುಹಿಡಿದರು. ಅದೇ ಐಡಿ3. ಗುರುತಿಗೆ ಮೂರು ಬೈಟು, ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಇಸವಿಗೆ ನಾಲ್ಕು, ಟಿಪ್ಪಣಿಗೆ 30, ಪ್ರಕಾರಕ್ಕೆ ಒಂದು. ಪ್ರಕಾರಗಳ ಮೊದಲ ಪಟ್ಟಿಯಲ್ಲಿದ್ದುದು 80 ಹೆಸರು. ಅದರಲ್ಲಿ ಪೋಲ್ಕಾ ಇದೆ, ಗಾಸ್ಪೆಲ್ ಇದೆ, ಕ್ರಿಶ್ಚಿಯನ್ ರ್‍ಯಾಪ್ ಕೂಡ ಇದೆ. ಖವ್ವಾಲಿ ಇಲ್ಲ, ವಚನ ಇಲ್ಲ, ಭಾವಗೀತೆಯಂತೂ ಇಲ್ಲ. ಪಟ್ಟಿಯ ಸೊನ್ನೆಯ ಸ್ಥಾನದಲ್ಲಿರುವುದು ಬ್ಲೂಸ್. ಯಾರೂ ಏನೂ ತುಂಬದೆ ಆ ಬೈಟು ಸೊನ್ನೆಯಾಗಿಯೇ ಉಳಿದರೆ ನಮ್ಮ ನಾಡಗೀತೆಯಂಥ ಹಾಡೂ ಬ್ಲೂಸ್ ಆಗುತ್ತದೆ.

ಇದನ್ನು ನಕ್ಕು ಬಿಡಬಹುದು. ನಗಲಾಗದ್ದು ಬೇರೆ ಇದೆ. ಆ ಚೀಟಿಯಲ್ಲಿ ‘ಕಲಾವಿದ’ ಎಂಬ ಖಾನೆ ಒಂದೇ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವ ಪಾಶ್ಚಾತ್ಯ ಪಾಪ್ ತಂಡಕ್ಕೆ ಅದು ಸಾಕು. ಬರೆದವರೊಬ್ಬರು, ರಾಗ ಹಾಕಿದವರೊಬ್ಬರು, ಹಾಡಿದವರೊಬ್ಬರು ಇರುವ ನಮ್ಮ ಹಾಡಿಗೆ ಸಾಲದು. ಆಕಾಶವಾಣಿಯ ಉದ್ಘೋಷಕರು ಹಾಡಿಗೆ ಮುನ್ನ ‘ಸಾಹಿತ್ಯ, ಸಂಗೀತ, ಗಾಯನ’ ಎಂದು ಮೂವರನ್ನೂ ಹೆಸರಿಸುತ್ತಿದ್ದರು. ಕ್ಯಾಸೆಟ್ಟಿನ ಹೊದಿಕೆಯ ಒಳಮಡಿಕೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಾದರೂ, ಕವಿಯ ಹೆಸರಿರುತ್ತಿತ್ತು. ಐಡಿ3 ಬಂದಾಗ ಮೂವರಲ್ಲಿ ಉಳಿದದ್ದು ಒಬ್ಬರು, ಅದೂ ಸಾಮಾನ್ಯವಾಗಿ ಹಾಡಿದವರು.

ಲಿಪಿಯ ತೊಡಕು ಇನ್ನೊಂದು. ಡಾಸ್ ಕಾಲದ ಕಡತದ ಹೆಸರಿಗೆ ಎಂಟೇ ಅಕ್ಷರ. ರೋಮನ್ ಲಿಪಿಯ ‘ನಿತ್ಯೋತ್ಸವ’ದ ಹತ್ತು ಅಕ್ಷರಗಳಲ್ಲಿ ಆರನ್ನು ಉಳಿಸಿ, ಅದರ ಮುಂದೆ ಅಲೆಗೀಟೊಂದು, ‘1’ ಎಂಬ ಅಂಕಿಯೊಂದು. ಇನ್ನು ಚೀಟಿಯನ್ನು ಕನ್ನಡದಲ್ಲೇ ತುಂಬುತ್ತೇವೆ ಎಂದುಕೊಳ್ಳಿ. ಯೂನಿಕೋಡಿನ ಯುಟಿಎಫ್-8 ರೀತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ, ಒತ್ತು, ಕೊಂಬುಗಳಿಗೂ, ಮೂರು ಬೈಟು ಬೇಕು. ‘ನಿತ್ಯೋತ್ಸವ’ ಎಂಬುದರಲ್ಲಿ ಅಂಥ ಹತ್ತು ಸಂಕೇತಗಳಿವೆ, 30 ಬೈಟಿಗೆ ಅಳೆದಿಟ್ಟಂತೆ ಕೂರುತ್ತದೆ. ‘ನಿಸಾರ್ ಅಹಮದ್’ ಕೂರುವುದಿಲ್ಲ. ಇನಿಷಿಯಲ್ ಬಿಟ್ಟರೂ ಅದಕ್ಕೆ 34 ಬೈಟು ಬೇಕು. ‘ನಿಸಾರ್ ಅಹಮ’ ಎಂಬಲ್ಲಿಗೆ ಹೆಸರು ತುಂಡಾಗುತ್ತದೆ.

ಯಂತ್ರ ಬಡವಾದರೆ ಹೀಗಾಗಲೇಬೇಕು ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇವೆ. 1982ರಲ್ಲಿ ಬಂದ ಕಮೊಡೋರ್ 64 ಎಂಬ ಮನೆ ಕಂಪ್ಯೂಟರಿನ ನೆನಪಿನ ಶಕ್ತಿ 64 ಕೆ.ಬಿ., ಅದರ ಸಿಡ್ ಚಿಪ್ಪಿನಲ್ಲಿದ್ದುದು ಮೂರೇ ದನಿ. ಅದರ ವಿಡಿಯೋ ಗೇಮುಗಳಿಗೆ ಯುವಕರು ಕಟ್ಟಿದ ಧಾಟಿಗಳನ್ನು ಅಭಿಮಾನಿಗಳು 1990ರ ದಶಕದಿಂದ ಕೂಡಿಸುತ್ತ ಬಂದಿದ್ದಾರೆ. ‘ಹೈ ವೋಲ್ಟೇಜ್ ಸಿಡ್ ಕಲೆಕ್ಷನ್’ ಎಂಬ ಆ ಗಂಟಿನಲ್ಲಿ 50,000ಕ್ಕೂ ಹೆಚ್ಚು ಧಾಟಿಗಳಿವೆ, ಗಾತ್ರ ನಮ್ಮ ಒಂದು ಎಂಪಿ3 ಸಿ.ಡಿ.ಯ ಕಾಲುಭಾಗವೂ ಇಲ್ಲ. ಪ್ರತಿ ಕಡತದ ತಲೆಯಲ್ಲಿ ಹೆಸರು, ಕರ್ತೃ, ಬಿಡುಗಡೆ ಎಂಬ 32 ಬೈಟುಗಳ ಮೂರು ಖಾನೆ. ಫೋಲ್ಡರುಗಳನ್ನು ಜೋಡಿಸಿದ್ದು ಬಹುಪಾಲು ಸಂಗೀತಗಾರರ ಹೆಸರಿನ ಅಕಾರಾದಿಯಲ್ಲಿ: ರಾಬ್ ಹಬ್ಬರ್ಡ್ ಬೇಕೆಂದರೆ ಎಚ್ ಅಕ್ಷರಕ್ಕೆ ಹೋಗಬೇಕು. ಜೊತೆಗೊಂದು ಪಠ್ಯ ಕಡತ, ಯಾವ ಧಾಟಿ ಯಾರದರಿಂದ ಎತ್ತಿಕೊಂಡದ್ದು ಎಂಬ ವಿವರ ಅದರಲ್ಲಿ. ತಪ್ಪು ಸಿಕ್ಕರೆ ಮುಂದಿನ ಆವೃತ್ತಿಯಲ್ಲಿ ತಿದ್ದುತ್ತಾರೆ. ಅಮಿಗಾ ಕಂಪ್ಯೂಟರಿನ ಮಾಡ್ ಕಡತಗಳಲ್ಲಿ ಕರ್ತೃವಿಗೆ ಪ್ರತ್ಯೇಕ ಖಾನೆಯೇ ಇರಲಿಲ್ಲ, ಆದರೂ ಹುಡುಗರು ವಾದ್ಯದ ಹೆಸರಿಗೆಂದು ಬಿಟ್ಟ 22 ಬೈಟುಗಳ ಜಾಗದಲ್ಲಿ ತಮ್ಮ ಹೆಸರು ಬರೆದುಕೊಂಡರು. ಗೇಮಿನ ಹಿನ್ನೆಲೆ ಸಂಗೀತಕ್ಕೆ ಇಷ್ಟು ಮುತುವರ್ಜಿ.

ಹಾಡಿನೊಳಗೇ ಹೆಸರನ್ನು ಹೊಲಿಯುವ ವಿದ್ಯೆ ನಮಗೆ ಹೊಸತಲ್ಲ. ಅದಕ್ಕೆ ಅಂಕಿತ ಎಂದು ಹೆಸರು. ಶಿಶುನಾಳ ಷರೀಫರ (1819–1889) ತತ್ವಪದವನ್ನು ನಮ್ಮ ಕಾಲ ಬಹುಪಾಲು ಕೇಳಿದ್ದು ಸಿ. ಅಶ್ವತ್ಥರ ಕಂಠದಲ್ಲಿ. ಎಂಪಿ3ಯ ‘ಕಲಾವಿದ’ ಖಾನೆಯಲ್ಲಿ ಅಶ್ವತ್ಥರೇ ಇರಬಹುದು, ಇಲ್ಲವೆ ‘ಟ್ರ್ಯಾಕ್ 05’ ಎಂದಷ್ಟೇ ಇರಬಹುದು. ಪದ ಮುಗಿಯುವಷ್ಟರಲ್ಲಿ ‘ಶಿಶುನಾಳಾಧೀಶ’ ಬಂದೇ ಬರುತ್ತಾನೆ, ಕೇಳುಗನಿಗೆ ಕರ್ತೃ ಸಿಗುತ್ತಾನೆ. ಗಜಲಿನ ಕೊನೆಯ ಷೇರಾದ ಮಕ್ತಾದಲ್ಲಿ ಕವಿ ತನ್ನ ತಖಲ್ಲುಸ್ ಇಡುವುದೂ ಇದೇ ಬಗೆ. ಇನ್ನೊಬ್ಬರ ಅಂಕಿತ ಹಾಕಿ ಖೋಟಾ ಪದ ಕಟ್ಟಿದವರೂ ಉಂಟು, ಆ ಮಾತು ಬೇರೆ. ಹದೀಸನ್ನು ಓದುವವರು ಮತ್ನ್‌ಗಿಂತ ಮೊದಲು ಇಸ್ನಾದ್ ಕೇಳುತ್ತಾರೆ: ಮಾತು ಸರಿ, ಆದರೆ ಯಾರಿಂದ ಯಾರಿಗೆ ಬಂತು? ಇಂಥ ಸಂಪ್ರದಾಯದಲ್ಲಿ ಬೆಳೆದವರ ಮನೆಯ ಕಂಪ್ಯೂಟರಿನಲ್ಲೇ ಒಂದು ಗಂಟಿಗೆ ಕಾರಿಯ ಹೆಸರಿತ್ತು, ಇನ್ನೊಂದು ಗಂಟಿಗೆ ಏನೂ ಇರಲಿಲ್ಲ. ಸೂರಾಗಳಿಗೆ ಸಂಖ್ಯೆಯೇ ಸಾಕು, ಕ್ರಮ ಎಲ್ಲರಿಗೂ ಗೊತ್ತು. ಭಾವಗೀತೆಗೆ ಅಂಥ ರಕ್ಷೆ ಇಲ್ಲ.

ನವೋದಯ, ನವ್ಯದ ಕವಿಗಳು ಅಂಕಿತವನ್ನು ಬಿಟ್ಟರು. ಬಿಟ್ಟದ್ದು ಸರಿಯೇ, ಅಚ್ಚಾದ ಪುಸ್ತಕದ ಮುಖಪುಟದಲ್ಲಿ ಹೆಸರಿರುವಾಗ ಪದ್ಯದೊಳಗೆ ಯಾಕೆ? ‘ನಿತ್ಯೋತ್ಸವ’ 1976ರಲ್ಲಿ ಸಂಕಲನವಾಗಿ ಬಂದಾಗ ಹೆಸರು ಮುಖಪುಟದಲ್ಲಿತ್ತು. ಹಾಡು ಪುಸ್ತಕದಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಎಂಪಿ3ಗೆ, ಅಲ್ಲಿಂದ ಪೆನ್‌ಡ್ರೈವಿಗೆ ಇಳಿಯುತ್ತ ಒಂದೊಂದೇ ಹೊದಿಕೆ ಕಳಚಿತು, ಹೆಸರು ಹೊದಿಕೆಯ ಮೇಲಿತ್ತು. ಕಾನೂನಿನ ಆಸರೆಯೂ ಅಷ್ಟಕ್ಕಷ್ಟೆ. ಕೃತಿಸ್ವಾಮ್ಯ ಕಾಯ್ದೆಯ 52-ಎ ಕಲಮು ಧ್ವನಿಮುದ್ರಿಕೆಯ ಮೇಲೆ ತಯಾರಕರ, ಹಕ್ಕುದಾರರ ಹೆಸರು ಮತ್ತು ವಿಳಾಸವಿರಲಿ, ಮೊದಲು ಪ್ರಕಟವಾದ ಇಸವಿಯಿರಲಿ ಎನ್ನುತ್ತದೆ. ಬರೆದವರ ಹೆಸರನ್ನು ಅದು ಕೇಳುವುದಿಲ್ಲ.

ತಾಂತ್ರಿಕ ನೆಪವೂ ಈಗ ಉಳಿದಿಲ್ಲ. 1999ರಲ್ಲಿ ಬಂದ ಐಡಿ3ಯ 2.3 ಆವೃತ್ತಿಯಲ್ಲಿ ಸಾಹಿತ್ಯಕ್ಕೊಂದು, ಸಂಗೀತಕ್ಕೊಂದು, ಗಾಯನಕ್ಕೊಂದು ಖಾನೆ ಇದೆ, ಯೂನಿಕೋಡಿಗೆ ಅವಕಾಶವಿದೆ, 30 ಬೈಟುಗಳ ಮಿತಿ ಇಲ್ಲ. ಖಾನೆ ಬಂದು ಇಷ್ಟು ವರ್ಷಗಳಾದರೂ ಅದನ್ನು ತುಂಬುವ ಕೈ ಕಡಿಮೆ. ಆದ್ದರಿಂದ ಎಲ್ಲ ತಪ್ಪನ್ನೂ ಪರದೇಶದ ಪಟ್ಟಿಯ ಮೇಲೆ ಹೊರಿಸಲು ನಮಗೆ ಮನಸ್ಸು ಒಪ್ಪುವುದಿಲ್ಲ.

ನವೆಂಬರಿನಲ್ಲಿ ರಾಜಾಜಿನಗರ, ಬಸವೇಶ್ವರನಗರದ ಬೀದಿಗಳಲ್ಲಿ ಹಳದಿ ಕೆಂಪು ಬಾವುಟದ ಶಾಮಿಯಾನಗಳು ಏಳುತ್ತವೆ. ಧ್ವನಿವರ್ಧಕದಲ್ಲಿ ‘ನಿತ್ಯೋತ್ಸವ’ ಬರುತ್ತದೆ, ಅದರ ಹಿಂದೆಯೇ ಇನ್ನೊಂದು ಹಾಡು, ನಡುವೆ ಉದ್ಘೋಷಕರಿಲ್ಲ. 1994ರ ಅಕ್ಟೋಬರಿನಲ್ಲಿ ಹತ್ತು ನಿಮಿಷದ ಉರ್ದು ವಾರ್ತೆಯ ನೆಪದಲ್ಲಿ ಇದೇ ಊರು ಹೊತ್ತಿ ಉರಿದದ್ದನ್ನು ಕಂಡವರು ನಾವು. ಮುಸಲ್ಮಾನರಿಗೆ ಕನ್ನಡದಲ್ಲಿ ಏನು ಕೆಲಸ ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡವರೂ ಹೌದು. ಅಂಥ ಪ್ರಶ್ನೆ ಕೇಳುವವರೂ ಶಾಮಿಯಾನದಲ್ಲಿ ಈ ಹಾಡಿಗೆ ತಲೆದೂಗುತ್ತಾರೆ. ಬರೆದವರು ದೇವನಹಳ್ಳಿಯಲ್ಲಿ ಹುಟ್ಟಿದ, ಭೂವಿಜ್ಞಾನ ಕಲಿಸುತ್ತಿದ್ದ, 2020ರ ಮೇ ತಿಂಗಳಲ್ಲಿ ತೀರಿಕೊಂಡ ಒಬ್ಬ ಮುಸ್ಲಿಮ್ ಮೇಷ್ಟ್ರು ಎಂಬುದು ಆ ಪೆನ್‌ಡ್ರೈವಿನಲ್ಲಿ ಎಲ್ಲಿಯೂ ಇರುವುದಿಲ್ಲ.

ಅಂದು ಮಧ್ಯಾಹ್ನ ಗೆಳೆಯರ ಮಗಳು ಆ ಗಂಟನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಚೀಟಿ ತಿದ್ದುವ ಉಚಿತ ತಂತ್ರಾಂಶವೊಂದನ್ನು ಹಾಕಿಕೊಂಡಳು. ನಾವು ಕಪಾಟಿನ ಸಂಕಲನಗಳನ್ನು ತೆಗೆದು ಹೇಳುತ್ತ ಹೋದೆವು, ಅವಳು ಕನ್ನಡದಲ್ಲೇ ತುಂಬುತ್ತ ಹೋದಳು. ಸಂಜೆಯ ಹೊತ್ತಿಗೆ ಹದಿನಾಲ್ಕರಲ್ಲಿ ಹನ್ನೊಂದಕ್ಕೆ ಕವಿ ಸಿಕ್ಕರು. ಉಳಿದ ಮೂರು ಹಾಡುಗಳ ಸಾಹಿತ್ಯದ ಖಾನೆಯಲ್ಲಿ ಅವಳು ‘ಹುಡುಕಬೇಕು’ ಎಂದು ಬರೆದಿದ್ದಾಳೆ.