ಸಂತೆಯಲ್ಲಿ ಸಹೃದಯ: ಫಿಲಿಪೈನ್ಸ್ ದ್ವೀಪಗಳ ಈಚಿನ ಕಲೆಯ ವಿಚಾರ

ಕಲೆಗೂ ಹಣಕ್ಕೂ ಸಂಬಂಧವನ್ನು ಹೇಳಿದೊಡನೆ ಮುಖವನ್ನು ಸಿಂಡರಿಸುವ ಪಂಡಿತರುಂಟು. ನಮ್ಮ ಆಲಂಕಾರಿಕರು ಅಷ್ಟು ಮಡಿವಂತರಾಗಿರಲಿಲ್ಲ. ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಕೀರ್ತಿಯ ಬೆನ್ನಿಗೇ ಧನಪ್ರಾಪ್ತಿಯನ್ನೂ ಹೇಳಿರುವನು. ಆಸ್ವಾದಿಸಿದೊಡನೆ ಒದಗುವ ಆನಂದವನ್ನು ಮಾತ್ರ ಉಳಿದ ಪ್ರಯೋಜನಗಳೆಲ್ಲಕ್ಕಿಂತ ಮೇಲಿರಿಸಿರುವನು. ಹೀಗಿರಲು, ಚಿತ್ರವು ಮಾರಾಟಕ್ಕೆ ಬಂದಿತೆಂಬುದೇ ಅದರ ದೋಷವಾಗಲಾರದು. ಮಾರಾಟಕ್ಕೆ ಬಂದ ಮೇಲೆಯೂ ಆ ಆನಂದವು ಅದರಲ್ಲಿ ಉಳಿದಿದೆಯೇ ಎಂಬುದು ವಿಮರ್ಶಕನು ಕೇಳತಕ್ಕ ಪ್ರಶ್ನೆ. ಈ ಪ್ರಶ್ನೆಯನ್ನು ಫಿಲಿಪೈನ್ಸ್ ದ್ವೀಪಗಳ ಈಗಿನ ಕಲಾವಿದರ ವಿಷಯದಲ್ಲಿ ಕೇಳುವುದಕ್ಕೆ ವಿಶೇಷವಾದ ಕಾರಣವುಂಟು. ಅವರ ಕಲೆಯು ಈಚೆಗೆ ಹೊರಲೋಕದ ಕಣ್ಣಿಗೆ ಬಿದ್ದುದು ಬಹುಮಟ್ಟಿಗೆ ಹರಾಜು ಮತ್ತು ಸಂತೆಗಳ ಮೂಲಕವೇ.

2013ರಲ್ಲಿ ಮನಿಲಾ ಮಹಾನಗರಕ್ಕೆ ಸೇರಿದ ಮಕಾಟಿಯಲ್ಲಿ ‘ಆರ್ಟ್ ಫೇರ್ ಫಿಲಿಪೈನ್ಸ್’ ಎಂಬ ಕಲಾಸಂತೆಯು ಮೊದಲಾಯಿತು. ಅದಕ್ಕೆ ದೊರೆತ ಸ್ಥಳವು ಅರಮನೆಯಲ್ಲ, ವಸ್ತುಸಂಗ್ರಹಾಲಯವಲ್ಲ. ‘ದಿ ಲಿಂಕ್’ ಎಂಬ, ಕಾರುಗಳನ್ನು ನಿಲ್ಲಿಸುವುದಕ್ಕಾಗಿ ಕಟ್ಟಿದ ಹಲವು ಅಂತಸ್ತಿನ ಕಟ್ಟಡ. ಸಂತೆಯು ಅನೇಕ ವರ್ಷಗಳ ಕಾಲ ಅಲ್ಲಿಯೇ ನಡೆಯಿತು. ಗ್ಯಾಲರಿಗಳವರು ಸ್ಥಳಕ್ಕೆ ಬಾಡಿಗೆಯನ್ನು ತೆತ್ತು, ತಾತ್ಕಾಲಿಕವಾದ ಗೋಡೆಗಳನ್ನು ನಿಲ್ಲಿಸಿ, ತಮ್ಮ ಕಲಾವಿದರ ಕೃತಿಗಳನ್ನು ತೂಗುಹಾಕುವರು. ಮಾರಿ ಬಂದ ಹಣವನ್ನು ಕಲಾವಿದರೊಡನೆ ಹಂಚಿಕೊಳ್ಳುವರು. ಕೆಲವೇ ದಿನಗಳಲ್ಲಿ ವ್ಯಾಪಾರವು ಮುಗಿದು ಗೋಡೆಗಳು ಕಳಚಿಹೋಗುವುವು. ಇದನ್ನು ಏರ್ಪಡಿಸಿದವರು ಅದಕ್ಕೆ ಮುಂಚೆಯೇ, 2006ರಿಂದ, ಮಕಾಟಿಯ ಒಂದು ಉದ್ಯಾನದಲ್ಲಿ ‘ಆರ್ಟ್ ಇನ್ ದಿ ಪಾರ್ಕ್’ ಎಂಬ ಚಿಕ್ಕ ಸಂತೆಯನ್ನು ನಡೆಯಿಸಿದ್ದರು. ಅಲ್ಲಿ ಯಾವ ಚಿತ್ರಕ್ಕೂ ಗೊತ್ತಾದ ಮಿತಿಯನ್ನು ಮೀರಿ ಬೆಲೆ ಹೇಳಕೂಡದೆಂಬ ಕಟ್ಟುಪಾಡುಂಟು; ಸಂಬಳದಿಂದ ಜೀವಿಸುವ ಗೃಹಸ್ಥನೂ ಒಂದು ಚಿತ್ರವನ್ನು ಮನೆಗೆ ಕೊಂಡೊಯ್ಯಲೆಂಬುದು ಅದರ ಆಶಯ.

ಫಿಲಿಪೈನ್ಸಿನ ಕಲೆಯು ಪರರ ಮುಂದೆ ಪರೀಕ್ಷೆಗೆ ನಿಂತುದು ಇದೇ ಮೊದಲಲ್ಲ. ಆ ದ್ವೀಪಗಳು ಸ್ಪೇನಿನ ಆಳಿಕೆಗೆ ಒಳಗಾಗಿದ್ದ ಕಾಲದಲ್ಲಿ, 1884ರಲ್ಲಿ, ಮ್ಯಾಡ್ರಿಡ್ಡಿನ ಪ್ರದರ್ಶನದಲ್ಲಿ ಹ್ವಾನ್ ಲೂನಾ ಎಂಬ ತರುಣ ಚಿತ್ರಕಾರರ ‘ಸ್ಪೋಲಿಯಾರಿಯಮ್’ ಚಿನ್ನದ ಪದಕವನ್ನು ಪಡೆಯಿತು. ನಾಲ್ಕು ಮೀಟರಿಗೂ ಮಿಕ್ಕ ಎತ್ತರ, ಏಳೂವರೆ ಮೀಟರಿಗೂ ಮಿಕ್ಕ ಅಗಲವುಳ್ಳ ಆ ಚಿತ್ರದಲ್ಲಿರುವುದು ರೋಮನರ ರಂಗಸ್ಥಳದಲ್ಲಿ ಹೋರಾಡಿ ಸತ್ತ ಮಲ್ಲರ ಹೆಣಗಳನ್ನು ನೆಲದ ಮೇಲೆ ಎಳೆದೊಯ್ಯುವ ಸಂದರ್ಭ. ವಸ್ತುವು ರೋಮಿನದು, ಶೈಲಿಯು ಯುರೋಪಿನ ವಿದ್ಯಾಶಾಲೆಗಳದು, ಬಹುಮಾನವಿತ್ತವರು ಆಳುವವರು. ಆದರೂ ಅದೇ ವರ್ಷ ಲೂನಾ ಅವರ ಸನ್ಮಾನಕ್ಕಾಗಿ ಸೇರಿದ ಔತಣದಲ್ಲಿ ಹೊಸೆ ರಿಸಾಲರು ಭಾಷಣಮಾಡಿ, ಆ ಚಿತ್ರದಲ್ಲಿ ತಮ್ಮ ಜನರ ಬಾಳನ್ನೇ ಓದಿ ತೋರಿಸಿದರು. ವಾಚ್ಯವು ರೋಮ್, ಧ್ವನಿಯು ಮನಿಲಾ. ಎಳೆಯಲ್ಪಡುವ ಹೆಣವು ಯಾರದೆಂಬುದನ್ನು ಚಿತ್ರವು ಬಾಯಿಬಿಟ್ಟು ಹೇಳುವುದಿಲ್ಲ. ಸಹೃದಯನಿಗೆ ಹೇಳಬೇಕಾಗಿಯೂ ಇಲ್ಲ. ಮುಂದೆ ಆ ಚಿತ್ರವನ್ನು ಬಾರ್ಸಿಲೋನಾದ ಪ್ರಾಂತಸಭೆಯು 20,000 ಪೆಸೆಟಾಗಳಿಗೆ ಕೊಂಡಿತು; ಸ್ಪೇನಿನ ಅಂತರ್ಯುದ್ಧದಲ್ಲಿ ಅದು ಹಾನಿಗೊಂಡಿತು; ಕೊನೆಗೆ 1958ರಲ್ಲಿ ಫಿಲಿಪೈನ್ಸಿಗೆ ಕಾಣಿಕೆಯಾಗಿ ಬಂದು ಸೇರಿತು. ಸ್ಪರ್ಧೆಗೆ ಬರೆದದ್ದು, ಮಾರಿಹೋದದ್ದು. ಅದರ ಧ್ವನಿಯು ಮಾತ್ರ ಮಾರಿಹೋಗಲಿಲ್ಲ. ಈಗಿನವರ ಕೃತಿಗಳನ್ನು ಅಳೆಯುವುದಕ್ಕೆ ಇದಕ್ಕಿಂತ ನೇರಾದ ಅಳತೆಗೋಲು ಸಿಕ್ಕುವುದು ಕಷ್ಟ.

ಈಗಿನವರಲ್ಲಿ ಪೇಟೆಯ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು 1973ರಲ್ಲಿ ಹುಟ್ಟಿದ ರೊನಾಲ್ಡ್ ವೆಂಚುರಾ ಅವರದು. 2011ರ ಏಪ್ರಿಲ್ ತಿಂಗಳಲ್ಲಿ ಹಾಂಗ್‌ಕಾಂಗಿನ ಸದಬೀಸ್ ಹರಾಜಿನಲ್ಲಿ ಅವರ ‘ಗ್ರೇಗ್ರೌಂಡ್’ ಎಂಬ ಚಿತ್ರವು 84 ಲಕ್ಷಕ್ಕೂ ಹೆಚ್ಚು ಹಾಂಗ್‌ಕಾಂಗ್ ಡಾಲರುಗಳಿಗೆ, ಎಂದರೆ ಸುಮಾರು 11 ಲಕ್ಷ ಅಮೆರಿಕನ್ ಡಾಲರುಗಳಿಗೆ ಮಾರಿತು. ಆಗ್ನೇಯ ಏಷ್ಯದ ಸಮಕಾಲೀನ ಚಿತ್ರವೊಂದಕ್ಕೆ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ವೆಂಚುರಾ ಅವರ ರೀತಿಯು ಪದರದ ಮೇಲೆ ಪದರವನ್ನು ಹೊದಿಸುವುದು: ಕೆಳಗೆ ಸೂಕ್ಷ್ಮವಾಗಿ ತಿದ್ದಿದ ಮನುಷ್ಯಶರೀರ, ಮೇಲೆ ಮಕ್ಕಳ ಚಿತ್ರಕಥೆಯ ಗೊಂಬೆ, ಅದರ ಮೇಲೆ ಬೀದಿಗೋಡೆಯ ಗೀಚು. ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಸ್ಪೇನ್, ಆಮೇಲೆ ಅಮೆರಿಕ, ನಡುವೆ ಜಪಾನ್, ಹೀಗೆ ಒಬ್ಬರಾದ ಮೇಲೊಬ್ಬರು ಆಳಿದ ನಾಡಿನಲ್ಲಿ ಮನುಷ್ಯನು ಪದರುಪದರಾಗಿಯೇ ಬೆಳೆದಿರುವನೆಂಬ ಅರ್ಥವು ಇದರಿಂದ ಹೊರಡುವಾಗ ಆ ರೀತಿಯು ಸಾರ್ಥಕವಾಗುವುದು. ಆದರೆ ಎಲ್ಲೆಡೆಯಲ್ಲಿಯೂ ಹಾಗಾಗುವುದಿಲ್ಲ. ಕೆಲವು ಕೃತಿಗಳಲ್ಲಿ ಪದರಗಳು ಒಂದನ್ನೊಂದು ಬೆಳಗಿಸದೆ, ಕೈಚಳಕವನ್ನು ಮಾತ್ರ ಮೆರೆಯುವುವು. ಚಕ್ರಬಂಧ, ಮುರಜಬಂಧಗಳನ್ನು ಕಟ್ಟುವ ಕವಿಯ ಸಾಮರ್ಥ್ಯಕ್ಕೆ ತಲೆದೂಗುತ್ತಲೇ ನಮ್ಮವರು ಅಂಥದನ್ನು ಚಿತ್ರಕಾವ್ಯವೆಂದು ಕರೆದು ಕೆಳಗಿನ ಪಂಕ್ತಿಯಲ್ಲಿ ಕೂರಿಸಿದರು. ಅದೇ ನ್ಯಾಯವು ಇಲ್ಲಿಯೂ ಸಲ್ಲತಕ್ಕದ್ದು. ಬೆಲೆಯು ಚಳಕಕ್ಕೆ ಬಂದುದೋ ಧ್ವನಿಗೆ ಬಂದುದೋ ಎಂಬುದನ್ನು ಹರಾಜಿನ ಸುತ್ತಿಗೆಯು ವಿಂಗಡಿಸಲಾರದು.

ಬೆನ್‌ಕ್ಯಾಬ್ ಎಂದು ಪ್ರಸಿದ್ಧರಾದ ಬೆನೆಡಿಕ್ಟೋ ಕಬ್ರೇರಾ ಅವರ ವಿಷಯವು ಇನ್ನೂ ಸೂಕ್ಷ್ಮವಾದುದು. 2006ರಲ್ಲಿ ಅವರ ದೇಶವು ಅವರಿಗೆ ರಾಷ್ಟ್ರಕಲಾವಿದರೆಂಬ ಬಿರುದನ್ನಿತ್ತಿತು. ಮನಿಲಾದ ಬಾಂಬಾಂಗ್ ಎಂಬ ಕೇರಿಯಲ್ಲಿ ಕಸವನ್ನು ಆಯುತ್ತ, ಪ್ಲಾಸ್ಟಿಕ್ ಹಾಳೆಗಳನ್ನೇ ಮೈಗೆ ಸುತ್ತಿಕೊಂಡು ಅಲೆಯುತ್ತಿದ್ದ ಸಾಬೆಲ್ ಎಂಬ ಹೆಂಗಸನ್ನು ಅವರು 1965ರಲ್ಲಿ ಮೊದಲಬಾರಿಗೆ ಬರೆದರು. ಅಂದಿನಿಂದ ಆಕೆ ಅವರ ಕುಂಚವನ್ನು ಬಿಟ್ಟು ಅಗಲಿಲ್ಲ. ಮೊದಮೊದಲಿನ ಚಿತ್ರಗಳಲ್ಲಿ ಆಕೆಯೇ ಕರುಣಕ್ಕೆ ಆಲಂಬನ. ಗಾಳಿಗೆ ಉಬ್ಬುವ ಆ ಹಾಳೆಗಳು ಉದ್ದೀಪನ. ವರ್ಷಗಳು ಉರುಳಿದಂತೆ ಸಾಬೆಲಳು ಕೊಳ್ಳುವವರ ಕಣ್ಣಿಗೆ ದೂರದಿಂದಲೇ ಗುರುತಾಗುವ ಬಿಂಬವಾದಳು. ಈಚಿನ ಕೆಲವು ಚಿತ್ರಗಳಲ್ಲಿ ಹೊದಿಕೆಯ ಮಡಿಕೆಗಳು ನರ್ತಕಿಯ ಉಡುಗೆಯಷ್ಟು ಸೊಗಸಾಗಿವೆ. ಹಸಿದ ಹೆಂಗಸು ಎಲ್ಲಿಯೋ ಮರೆಯಾಗಿರುವಳು. ಅಲಂಕಾರವಿದೆ, ಅಲಂಕಾರ್ಯವಿಲ್ಲ. ಇದಕ್ಕೆ ಕಲಾವಿದರೊಬ್ಬರನ್ನೇ ಹೊಣೆಮಾಡುವುದು ನ್ಯಾಯವಲ್ಲ. ಕಂಡದ್ದನ್ನೇ ಮತ್ತೆ ಕಾಣಬೇಕು, ಮನೆಗೆ ಬಂದವರು ನೋಡಿದೊಡನೆ ಹೆಸರು ಹೇಳಬೇಕು ಎಂಬ ಕೊಳ್ಳುವವನ ಆಸೆಗೂ ಇದರಲ್ಲಿ ಪಾಲುಂಟು. ಕೇರಿಯಲ್ಲಿ ಯಾರೂ ತಿರುಗಿ ನೋಡದಿದ್ದವಳನ್ನು ಬೈಠಕ್‌ಖಾನೆಯಲ್ಲಿ ಎಲ್ಲರೂ ನೋಡುವರು. ಆದರೆ ಅಲ್ಲಿ ನೋಡುತ್ತಿರುವುದು ಅವಳನ್ನೇ ಅಲ್ಲ.

ಒಂದನ್ನೇ ಮರಳಿ ಮರಳಿ ಬರೆಯುವುದೆಲ್ಲ ದೋಷವೆಂದು ಇದರಿಂದ ತಿಳಿಯಬಾರದು. ಮರಿಯಾ ತಾನಿಗುಚಿ ಎಂಬವರು 2008ರಿಂದ ಇಟ್ಟಿಗೆಗಳ ಚಿತ್ರಗಳನ್ನೇ ಬರೆಯುತ್ತ ಬಂದಿರುವರು; 2015ರಲ್ಲಿ ಹ್ಯೂಗೊ ಬಾಸ್ ಏಷ್ಯಾ ಪುರಸ್ಕಾರವು ಅವರಿಗೆ ಸಂದಿತು. ಆಳೆತ್ತರವನ್ನು ಮೀರಿದ ಬಟ್ಟೆಯ ಮೇಲೆ ಸಾವಿರಾರು ಚಿಕ್ಕ ಚಿಕ್ಕ ಇಟ್ಟಿಗೆಗಳನ್ನು ಒಂದೊಂದಾಗಿ ಗೆರೆಹಾಕಿ, ಒಂದೊಂದಾಗಿ ಬೂದು ಕಪ್ಪು ಬಣ್ಣಗಳಿಂದ ತುಂಬುವುದೇ ಅವರ ಕೆಲಸ. ಕಥೆಯಿಲ್ಲ, ಮುಖವಿಲ್ಲ, ಹೆಸರೂ ಇಲ್ಲ. ಅವಸರದಿಂದ ಮಳಿಗೆಯಿಂದ ಮಳಿಗೆಗೆ ನಡೆಯುವವನಿಗೆ ಅದು ಬರಿಯ ಗೋಡೆ. ನಿಂತು ನೋಡಿದವನಿಗೆ, ಒಂದಿಟ್ಟಿಗೆಯ ಛಾಯೆಯಂತೆ ಮತ್ತೊಂದರದಿಲ್ಲವೆಂಬುದೂ, ಕೈಯ ದಣಿವು ಚೇತರಿಕೆಗಳೂ, ದಿನಗಳು ಕಳೆದುದೂ ಕಾಣಬರುವುವು. ಜಪಮಾಡುವವನ ನಾಲಗೆಯ ಮೇಲೆ ಒಂದೇ ನಾಮವು ಸವೆಯುವುದಿಲ್ಲ. ಮಾರುವವನ ನಾಲಗೆಯ ಮೇಲೆ ಅದೇ ನಾಮವು ಒಂದೇ ದಿನದಲ್ಲಿ ಸವೆದುಹೋಗುವುದು. ಪುನರುಕ್ತಿಯಲ್ಲಿ ದೋಷವಾವುದು, ಗುಣವಾವುದು ಎಂಬುದಕ್ಕೆ ಸಾಬೆಲಳ ಈಚಿನ ಚಿತ್ರಗಳನ್ನೂ ಈ ಇಟ್ಟಿಗೆಗಳನ್ನೂ ಒತ್ತಟ್ಟಿಗಿಟ್ಟು ನೋಡಬಹುದು.

ಇನ್ನು ಕೆಲವರು ಸರಕನ್ನೇ ಕಲೆಯ ಸಾಮಗ್ರಿಯನ್ನಾಗಿ ಮಾಡಿಕೊಂಡಿರುವರು. ಲಕ್ಷಾಂತರ ಫಿಲಿಪಿನೋ ಜನರು ಹೊರನಾಡುಗಳಲ್ಲಿ ದಾದಿಯರಾಗಿ, ಮನೆಗೆಲಸದವರಾಗಿ, ಹಡಗಿನ ಆಳುಗಳಾಗಿ ದುಡಿಯುತ್ತಿರುವುದು ಲೋಕವಿದಿತ. ಅವರು ಸಾಬೂನು, ಡಬ್ಬಿಯ ಆಹಾರ, ಮಿಠಾಯಿ, ಮಕ್ಕಳ ಪಾದರಕ್ಷೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ತುಂಬಿ ಊರಿಗೆ ಕಳುಹಿಸುವರು. ಅದಕ್ಕೆ ‘ಬಾಲಿಕ್‌ಬಾಯನ್’ ಪೆಟ್ಟಿಗೆಯೆಂದು ಹೆಸರು. ನಾಡಿಗೆ ಹಿಂದಿರುಗುವವನೆಂಬುದು ಆ ಶಬ್ದದ ಅರ್ಥ. 2006ರಲ್ಲಿ ಆಸ್ಟ್ರೇಲಿಯಕ್ಕೆ ವಲಸೆಹೋದ ಅಲ್ಫ್ರೆಡೊ ಮತ್ತು ಇಸಬೆಲ್ ಅಕ್ವಿಲಿಸಾನ್ ದಂಪತಿಗಳು ಇಂಥ ಪೆಟ್ಟಿಗೆಗಳನ್ನೂ ಅವುಗಳ ರಟ್ಟನ್ನೂ ತಮ್ಮ ಕೃತಿಗಳಿಗೆ ತಂದುಕೊಂಡರು. 2012ರಲ್ಲಿ ಸಿಡ್ನಿಯಲ್ಲಿ ಅವರು ಏರ್ಪಡಿಸಿದ ‘ಇನ್-ಹ್ಯಾಬಿಟ್’ ಎಂಬುದರಲ್ಲಿ ನೋಡಬಂದವರೇ ರಟ್ಟಿನಿಂದ ಪುಟ್ಟ ಪುಟ್ಟ ಮನೆಗಳನ್ನು ಮಾಡಿ ಸೇರಿಸುತ್ತ ಹೋದರು. ಪೆಟ್ಟಿಗೆಯು ಊರನ್ನು ಮುಟ್ಟುವುದು, ಕಳುಹಿಸಿದವನು ಮಾತ್ರ ಮುಟ್ಟಲಾರನು ಎಂಬ ವಿರಹವು ಆ ರಟ್ಟಿನಲ್ಲಿದೆ. ಕವಿಗಳು ಮೇಘವನ್ನೂ ಹಂಸವನ್ನೂ ದೂತರನ್ನಾಗಿ ಕಳುಹಿಸಿದರು. ಈ ಜನರ ದೂತನು ರಟ್ಟಿನ ಪೆಟ್ಟಿಗೆ. ಇಲ್ಲಿ ಔಚಿತ್ಯಕ್ಕೆ ಕೊರತೆಯಿಲ್ಲ.

ಮಕಾಟಿಯ ಸಂತೆಯಲ್ಲಿಯೇ 2018ರಲ್ಲಿ ನೀಲೊ ಇಲಾರ್ಡೆ ಎಂಬ ಕಲಾವಿದರು ನೆಲದ ತುಂಬ ಸಾವಿರಾರು ಆಟಿಕೆಯ ಕಾರುಗಳನ್ನು ಹರಡಿ, ಸಂತೆಯು ವಸ್ತುಗಳಿಂದ ತುಂಬಿದೆ, ತಾವೂ ಒಂದಿಷ್ಟನ್ನು ಸೇರಿಸುತ್ತಿರುವುದಾಗಿ ಸೂಚಿಸುವ ಹೆಸರನ್ನು ಅದಕ್ಕೆ ಇಟ್ಟರು. ಕಾರುಗಳ ಕಟ್ಟಡಕ್ಕೆ ಕಾರುಗಳೇ ಮರಳಿ ಬಂದುವು. ಇದು ಹಾಸ್ಯವೇ ಸರಿ; ಸಂತೆಯೊಳಗೆ ನಿಂತು ಸಂತೆಯ ಕಿವಿ ಹಿಂಡುವ ಹಾಸ್ಯ. ಆದರೆ ಅಕ್ವಿಲಿಸಾನ್ ದಂಪತಿಗಳ ಪೆಟ್ಟಿಗೆಯು ನೆನಪಿನಲ್ಲಿ ಕುಳಿತುಕೊಳ್ಳುವಂತೆ ಇದು ಕುಳಿತುಕೊಳ್ಳಲಾರದು. ಚಮತ್ಕಾರವು ಅರ್ಥವಾದೊಡನೆ ಮುಗಿಯುವುದು. ಧ್ವನಿಯು ಅರ್ಥವಾದಮೇಲೆ ಮೊದಲಾಗುವುದು.

ಇದೆಲ್ಲವನ್ನೂ ಒಟ್ಟಾಗಿ ನೋಡಿದರೆ ಸಂತೆಯನ್ನು ನಿಂದಿಸುವುದೂ ಸ್ತುತಿಸುವುದೂ ಎರಡೂ ಅವಸರದ ಮಾತೆಂದು ತೋರುವುದು. ಸಂತೆಯಿಲ್ಲದಿದ್ದರೆ ತರುಣ ಕಲಾವಿದರಲ್ಲಿ ಅನೇಕರು ಬೇರೆ ಕಸುಬಿಗೆ ಇಳಿಯಬೇಕಾಗುತ್ತಿದ್ದಿತು. ಅದರಿಂದ ಬರುವ ನಿಜವಾದ ನಷ್ಟವು ಬೇರೊಂದು. ‘ಸ್ಪೋಲಿಯಾರಿಯಮ್’ ಇಂದು ಮನಿಲಾದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅಲ್ಲಿಗೆ 2016ರಿಂದ ಪ್ರವೇಶದ ಶುಲ್ಕವಿಲ್ಲ. ಮೀನು ಮಾರುವವಳ ಮಗನೂ ಮಂತ್ರಿಯ ಮಗನೂ ಒಂದೇ ಕಡೆ ನಿಂತು ಅದನ್ನು ನೋಡಬಹುದು. ಖಾಸಗಿಯವರು ಸಂತೆಯಲ್ಲಿ ಕೊಂಡ ಚಿತ್ರವಾದರೋ ಮೂರು ನಾಲ್ಕು ದಿನ ಜನರ ಕಣ್ಣಿಗೆ ಬಿದ್ದು, ಆಮೇಲೆ ಒಂದು ಮನೆಯ ಗೋಡೆಯನ್ನೋ ಉಗ್ರಾಣದ ಕತ್ತಲನ್ನೋ ಸೇರುವುದು. ಲೂನಾ ಅವರ ಚಿತ್ರವು ಮಾರಿಹೋದ ಮೇಲೆ ತನ್ನ ಜನರನ್ನು ಸೇರುವುದಕ್ಕೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಎಲ್ಲ ಚಿತ್ರಗಳಿಗೂ ಅಂಥ ಭಾಗ್ಯವು ಒದಗುವುದೆಂಬ ಭರವಸೆಯಿಲ್ಲ.

ಆದುದರಿಂದ ಕೊಂಡವರಿಗೆ ಒಂದು ಧರ್ಮವುಂಟು: ಚಿತ್ರವನ್ನು ಕಾಲಕಾಲಕ್ಕೆ ಸಂಗ್ರಹಾಲಯಗಳಿಗೆ ಎರವಿತ್ತು ಜನರಿಗೆ ತೋರಿಸುವುದು. ಸಂಗ್ರಹಾಲಯಗಳಿಗೂ ಒಂದು ಧರ್ಮವುಂಟು: ಬೆಲೆಯು ಕೈಮೀರುವುದಕ್ಕೆ ಮೊದಲೇ ಜೀವಂತರಾದ ಕಲಾವಿದರ ಕೃತಿಗಳನ್ನು ಕೊಳ್ಳುವುದು. ಹಣವಿಲ್ಲದೆ ಸಂತೆಯನ್ನು ಹೊಕ್ಕ ಸಹೃದಯನಿಗಿರುವ ಧರ್ಮವು ಎಲ್ಲಕ್ಕಿಂತ ಸುಲಭವಾದುದು, ಆದರೂ ಅಪರೂಪವಾದುದು: ಬೆಲೆಯ ಚೀಟಿಯನ್ನು ಓದುವುದಕ್ಕೆ ಮುಂಚೆ ಚಿತ್ರವನ್ನು ನೋಡುವುದು.