ಹಾಡು ಮತ್ತು ಪಂಕ್ತಿ: ಹರಿದಾಸ ಪರಂಪರೆಯ ಒಂದು ಪರಿಶೀಲನೆ

ಧರ್ಮವು ಸಮಾಜದ ಮೇಲೆ ಬೀರಿದ ಪ್ರಭಾವವನ್ನು ಅಳೆಯುವವರು ಸಾಮಾನ್ಯವಾಗಿ ಶಾಸ್ತ್ರಗ್ರಂಥಗಳನ್ನೋ ದೇವಾಲಯಗಳ ದತ್ತಿಶಾಸನಗಳನ್ನೋ ಹಿಡಿದು ಹೊರಡುತ್ತಾರೆ. ಆದರೆ ವೇದಾಂತದ ಒಂದು ಮತ ಪಂಡಿತರ ಸಭೆಯಿಂದ ಇಳಿದು ಬೀದಿಗೂ ಅಡುಗೆಮನೆಗೂ ಬಂದಾಗ ಅಲ್ಲಿ ಏನನ್ನು ಬದಲಿಸಿತು, ಏನನ್ನು ಮುಟ್ಟದೆ ಬಿಟ್ಟಿತು ಎಂಬುದನ್ನು ನೋಡಲು ಕನ್ನಡನಾಡಿನ ಹರಿದಾಸ ಪರಂಪರೆಯಷ್ಟು ಒದಗುವ ಉದಾಹರಣೆಗಳು ಹೆಚ್ಚಿಲ್ಲ. ಮಧ್ವಾಚಾರ್ಯರ (1238–1317) ದ್ವೈತ ಸಿದ್ಧಾಂತವನ್ನು ತಳಹದಿಯಾಗಿಟ್ಟುಕೊಂಡ ಈ ಪರಂಪರೆ ಅವರ ಶಿಷ್ಯ ನರಹರಿತೀರ್ಥರಿಂದ ಮೊದಲಾಯಿತೆಂದು ಸಂಪ್ರದಾಯ ನಂಬುತ್ತದೆ; ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಅದು ಖಚಿತವಾದ ರೂಪ ಪಡೆದು, 16ನೆಯ ಶತಮಾನದ ವಿಜಯನಗರದಲ್ಲಿ ತನ್ನ ಏರುಗಾಲವನ್ನು ಕಂಡಿತು. ಇದನ್ನು ಸಮಾಜಸುಧಾರಣೆಯ ಚಳವಳಿಯೆಂದು ಹೊಗಳಿದವರೂ ಉಂಟು, ಮಠದ ಪ್ರಚಾರಸಾಹಿತ್ಯವೆಂದು ತಳ್ಳಿಹಾಕಿದವರೂ ಉಂಟು. ಇಬ್ಬರೂ ಹಾಡುಗಳ ತಾತ್ಪರ್ಯವನ್ನೇ ತೂಗಿದರು. ಆ ಹಾಡುಗಳನ್ನು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಹಾಡಿದರು ಎಂಬುದನ್ನು ಅಷ್ಟಾಗಿ ಗಮನಿಸಲಿಲ್ಲ.

ಪರಂಪರೆಯೊಳಗೆ ವ್ಯಾಸಕೂಟ, ದಾಸಕೂಟ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಸಂಸ್ಕೃತದಲ್ಲಿ ಗ್ರಂಥ ಬರೆದು ವಾದಮಾಡಿದವರು ವ್ಯಾಸಕೂಟದವರು, ಕನ್ನಡದಲ್ಲಿ ಹಾಡಿ ಊರೂರು ತಿರುಗಿದವರು ದಾಸಕೂಟದವರು ಎಂಬುದು ರೂಢಿಯ ವಿವರಣೆ. ಆದರೆ ಈ ಗೆರೆ ವ್ಯಾಸರಾಯರ (1460–1539) ಮುಂದೆಯೇ ಅಳಿಸಿಹೋಗುತ್ತದೆ. 'ನ್ಯಾಯಾಮೃತ', 'ತರ್ಕತಾಂಡವ'ಗಳಂಥ ಕಠಿಣ ಖಂಡನಗ್ರಂಥಗಳಲ್ಲಿ ಅದ್ವೈತಿಗಳನ್ನೂ ನೈಯಾಯಿಕರನ್ನೂ ಎದುರಿಸಿದ ಈ ಯತಿಗಳೇ ಕೃಷ್ಣನ ಕೊಳಲಿಗೆ ಮನಸೋತು ತಿಳಿಗನ್ನಡದಲ್ಲಿ ಪದಗಳನ್ನು ಕಟ್ಟಿದರು. ಪುರಂದರದಾಸರಿಗೆ (1484–1564) ದಾಸದೀಕ್ಷೆ ಕೊಟ್ಟವರೂ ಅವರೇ ಎಂಬುದು ಪರಂಪರೆಯ ಹೇಳಿಕೆ. ಹಾಗಾಗಿ ದಾಸಸಾಹಿತ್ಯವನ್ನು ಪಂಡಿತವರ್ಗದ ವಿರುದ್ಧ ಜನ ಎತ್ತಿದ ದನಿಯೆಂದು ಓದುವುದಕ್ಕೆ ಆಧಾರ ಸಾಲದು. ಸಂಸ್ಕೃತದ ಬಾಗಿಲು ಯಾರಿಗೆ ತೆರೆದಿರಲಿಲ್ಲವೋ ಅವರಿಗಾಗಿ ಮಠವೇ ತೆರೆದ ಇನ್ನೊಂದು ಬಾಗಿಲು ಅದು.

ಈ ಮೂಲದ ಸಂಬಂಧವೇ ಪರಂಪರೆಯ ಸಾಮಾಜಿಕ ವಿಮರ್ಶೆಗೆ ಮಿತಿಯನ್ನೂ ಹಾಕಿತು. ದ್ವೈತದಲ್ಲಿ ಜೀವಜೀವರ ನಡುವಣ ಭೇದ ನಿತ್ಯವಾದದ್ದು. ಜೀವರಿಗೆ ಅವರವರ ಸ್ವಭಾವಕ್ಕೆ ತಕ್ಕ ಮೇಲುಕೀಳುಗಳಿದ್ದು, ತಾರತಮ್ಯವೆಂದು ಕರೆಯಲಾಗುವ ಈ ಶ್ರೇಣಿ ಮುಕ್ತಿಯಲ್ಲಿಯೂ ಅಳಿಯುವುದಿಲ್ಲ. ಈ ತಾರತಮ್ಯ ಜಾತಿಶ್ರೇಣಿಯೇ ಅಲ್ಲವೆಂಬುದು ನಿಜ. ಯೋಗ್ಯತೆ ಹುಟ್ಟಿದ ಕುಲದ ಲೆಕ್ಕವಲ್ಲವೆಂದು ಸಿದ್ಧಾಂತವೂ ಹೇಳುತ್ತದೆ. ಆದರೂ ಜಗತ್ತನ್ನು ಮೆಟ್ಟಿಲುಗಳಾಗಿಯೇ ಕಾಣುವ ದರ್ಶನದೊಳಗೆ ನಿಂತವರಿಗೆ ಎದುರಿನ ಸಾಮಾಜಿಕ ಮೆಟ್ಟಿಲುಗಳನ್ನು ಮೂಲದಿಂದ ಪ್ರಶ್ನಿಸುವುದು ಸುಲಭವಾಗಿರಲಿಲ್ಲ. ಪುರಂದರದಾಸರು ಒಣ ಮಡಿಯನ್ನು ಹಾಸ್ಯಮಾಡುತ್ತಾರೆ, ಒಳಗೆ ಕೊಳೆಯಿಟ್ಟುಕೊಂಡು ಹೊರಗೆ ತೊಳೆದುಕೊಳ್ಳುವವರನ್ನು ಚುಚ್ಚುತ್ತಾರೆ, ಹೊಲೆತನವೆಂಬುದು ಹುಟ್ಟಿನದಲ್ಲ, ನಡತೆಯದು ಎಂದು ಹೇಳುತ್ತಾರೆ. ಮಾತು ದಿಟ್ಟವಾದದ್ದೇ, ಆದರೆ ಅದರ ಗುರಿ ವ್ಯಕ್ತಿಯ ಅಂತರಂಗ. ಕೆಟ್ಟ ನಡತೆಯವನನ್ನು ಹೊಲೆಯನೆಂದು ಬೈಯುವ ವಾಕ್ಯ ಸಜ್ಜನನಾದ ದಲಿತನನ್ನು ಮೇಲೆತ್ತಿದಂತೆ ಕಂಡರೂ ಆ ಜಾತಿಯ ಹೆಸರನ್ನು ಬೈಗುಳವಾಗಿಯೇ ಉಳಿಸಿಕೊಳ್ಳುತ್ತದೆ. ಕೇಳಿದವರು ತಲೆದೂಗಿ, ಕಣ್ಣೊರೆಸಿಕೊಂಡು, ಎದ್ದುಹೋಗಿ ತಮ್ಮ ತಮ್ಮ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಬಹುದಿತ್ತು, ಕೂತರು ಕೂಡ. 12ನೆಯ ಶತಮಾನದ ಶರಣರು ಸಹಭೋಜನವನ್ನೂ ಕುಲ ಮೀರಿದ ಮದುವೆಯನ್ನೂ ಕೈಯಾರೆ ಪ್ರಯೋಗಿಸಿ ಅದಕ್ಕೆ ಬೆಲೆ ತೆತ್ತದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎಂಥದೆಂದು ಹೊಳೆಯುತ್ತದೆ.

ಈ ಮಿತಿಯನ್ನು ಒಳಗಿನಿಂದಲೇ ಬಲವಾಗಿ ಎಳೆದು ನೋಡಿದವರು ಕನಕದಾಸರು. ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ ಕುರುಬ ಮನೆತನದಲ್ಲಿ ಹುಟ್ಟಿದ, ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ, ಎಂದರೆ ಹಾಡಿನ ಕೊನೆಯಲ್ಲಿ ಮುದ್ರೆಯಂತೆ ಬರುವ ಇಷ್ಟದೈವದ ಹೆಸರಿನಲ್ಲಿ, ಪದ ಕಟ್ಟಿದ ಈ ಕವಿಯ 'ರಾಮಧಾನ್ಯಚರಿತ್ರೆ' ಗಾತ್ರದಲ್ಲಿ ಚಿಕ್ಕದು. ವನವಾಸ ಮುಗಿಸಿ ಮರಳುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ನಡೆದ ಸತ್ಕಾರದ ವೇಳೆ ಧಾನ್ಯಗಳಲ್ಲಿ ಮೇಲು ಯಾವುದೆಂಬ ಮಾತು ಬಂದು, ನರೆದಲೆಗನಾದ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ಜಗಳ ಹತ್ತುತ್ತದೆ. ಭತ್ತ ತನ್ನ ಕುಲವನ್ನೂ ಶುಭಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಮುಂದಿಡುತ್ತದೆ. ರಾಗಿ ಬಡವರ ಹಸಿವನ್ನೂ ಮಳೆಯಿಲ್ಲದ ವರ್ಷಗಳನ್ನೂ ನೆನಪಿಸಿ, ಭತ್ತ ಉಳ್ಳವರ ಕಡೆಯದೆಂದು ಹಂಗಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರತೆಗೆದಾಗ ಭತ್ತ ಕಂದಿ ಸೊರಗಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ. ಮೇಲುಕೀಳಿನ ತೀರ್ಪನ್ನು ಹುಟ್ಟಿನಿಂದ ಕಿತ್ತು ಬಾಳಿಕೆಯ ಪರೀಕ್ಷೆಗೆ ಒಪ್ಪಿಸುವ ಈ ಕಲ್ಪನೆಗೆ ದಾಸಸಾಹಿತ್ಯದಲ್ಲಿ ಜೋಡಿಯಿಲ್ಲ. ಆದರೂ ಕಾವ್ಯ ಕೊನೆಗೆ ಎರಡನ್ನೂ ಸಮಾಧಾನಪಡಿಸಿಯೇ ಮುಗಿಯುತ್ತದೆ, ತೀರ್ಪೂ ಅರಸನ ಕೃಪೆಯಿಂದಲೇ ಬರುತ್ತದೆ. ಉಡುಪಿಯ ಕನಕನ ಕಿಂಡಿಯ ಐತಿಹ್ಯದ ಒಳಗುಟ್ಟೂ ಇದೇ ಜಾತಿಯದು: ಒಳಗೆ ಬಿಡದ ಭಕ್ತನಿಗೆ ದರ್ಶನ ಕೊಡಲು ಕೃಷ್ಣನ ಮೂರ್ತಿ ಪಶ್ಚಿಮಕ್ಕೆ ತಿರುಗಿತು, ಗೋಡೆ ಬಿರಿಯಿತು, ಬಾಗಿಲು ಮಾತ್ರ ಇದ್ದಂತೆಯೇ ಇತ್ತು. ಹೊರಗಿಟ್ಟವರೂ ಹೊರಗುಳಿದವರೂ ಈ ಕಥೆಯನ್ನು ಒಂದೇ ಹೆಮ್ಮೆಯಿಂದ ಹೇಳುತ್ತಾ ಬಂದದ್ದು ಅದಕ್ಕಾಗಿಯೇ ಇರಬೇಕು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಪರಂಪರೆ ಸ್ವಲ್ಪಕಾಲ ಮಂಕಾಗಿ, 18ನೆಯ ಶತಮಾನದಲ್ಲಿ ಕೃಷ್ಣಾ–ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ವಿಜಯದಾಸರು, ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರ ಮೂಲಕ ಮತ್ತೆ ಚಿಗುರಿತು. ಈ ಘಟ್ಟದ ಸಾಧನೆ ಭಾಮಿನಿ ಷಟ್ಪದಿಯಲ್ಲಿರುವ 'ಹರಿಕಥಾಮೃತಸಾರ'. ದ್ವೈತದ ಸೂಕ್ಷ್ಮ ಪ್ರಮೇಯಗಳನ್ನೆಲ್ಲ ಕನ್ನಡಕ್ಕೆ ಇಳಿಸಿದ ಪಾಂಡಿತ್ಯ ಅದರಲ್ಲಿ ದೊಡ್ಡದು. ಬೀದಿಯ ಗಾಳಿ ಮಾತ್ರ ಕಡಿಮೆ.

ಪರಂಪರೆ ನಿಜವಾಗಿ ಗೆರೆ ದಾಟಿದ್ದು ಬೇರೆ ಎರಡು ಕಡೆ. ಮೊದಲನೆಯದು ಹೆಂಗಸರ ಬಾಯಿ. ವೇದಾಧ್ಯಯನಕ್ಕೆ ಅವಕಾಶವಿಲ್ಲದ ಮನೆಯ ಹೆಣ್ಣುಮಕ್ಕಳು ಬೆಳಗಿನ ಉದಯರಾಗದಿಂದ ತೊಟ್ಟಿಲ ಜೋಗುಳದವರೆಗೆ ಈ ಪದಗಳನ್ನು ಹಾಡಿಕೊಂಡು ಸಿದ್ಧಾಂತದ ತಿರುಳನ್ನು ಬಾಯಿಪಾಠ ಮಾಡಿಕೊಂಡರು; ವಾದಿರಾಜರ ಲಕ್ಷ್ಮೀಶೋಭಾನೆ ಮದುವೆಮನೆಯ ಹಾಡಾಯಿತು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವನಂಥವರು ಸ್ವತಃ ಕವಿಗಳಾದರು. ಮನೆಯ ಕಟ್ಟಳೆಗಳನ್ನು ಈ ಹಾಡುಗಳು ಮುರಿಯಲಿಲ್ಲ, ಎಷ್ಟೋ ವೇಳೆ ಪತಿವ್ರತಾಧರ್ಮವನ್ನು ಇನ್ನಷ್ಟು ಬಿಗಿಗೊಳಿಸಿದವು. ಆದರೆ ದೇವರೊಂದಿಗೆ ಜಗಳವಾಡುವ, ಲೇವಡಿ ಮಾಡುವ, ಮುನಿಸಿಕೊಳ್ಳುವ ಸಲಿಗೆ ಅಡುಗೆಮನೆಯೊಳಗೆ ಬಂದದ್ದು ಸಣ್ಣ ಬದಲಾವಣೆಯಲ್ಲ. ಸಾಹಿತ್ಯಚರಿತ್ರೆಗಳು ಈ ಕವಯಿತ್ರಿಯರನ್ನು ಅನುಬಂಧದಲ್ಲಿ ಕೂರಿಸಿದ್ದಕ್ಕೆ ಕಾರಣ ಅವರ ಹಾಡುಗಳಿಗಿಂತ ಚರಿತ್ರಕಾರರ ಕಿವಿಯಲ್ಲಿ ಹುಡುಕುವುದು ಒಳ್ಳೆಯದು.

ಎರಡನೆಯದು ಸಂಗೀತ. ಮಾಯಾಮಾಳವಗೌಳದಲ್ಲಿ ಸರಳೆವರಸೆ, ಜಂಟಿವರಸೆ, ಸಪ್ತತಾಳಗಳ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು ಎಂಬ ಪಾಠಕ್ರಮವನ್ನು ಸಂಪ್ರದಾಯ ಪುರಂದರದಾಸರಿಗೆ ಸಲ್ಲಿಸುತ್ತದೆ. ತಂಜಾವೂರಿನಲ್ಲಿ ಸಂಗೀತ ಕಲಿಯುವ ತಮಿಳು ಮಗುವೂ ವಿಜಯವಾಡದ ತೆಲುಗು ಮಗುವೂ ಮೊದಲು ಬಾಯಿಪಾಠ ಮಾಡುವ ಗೀತೆಗಳು ಇವೇ. ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಪುರಂದರದಾಸರನ್ನು ಸ್ಮರಿಸಿದ್ದಾರೆ. ಒಂದು ಪಂಥದ ಭಜನೆ ಪಂಥ, ಭಾಷೆ, ಮತಗಳನ್ನು ಮೀರಿ ದಕ್ಷಿಣದ ಇಡೀ ಸಂಗೀತಶಿಕ್ಷಣಕ್ಕೆ ಅಡಿಪಾಯವಾಯಿತು. ಭೀಮಸೇನ ಜೋಶಿಯವರ ದಾಸವಾಣಿಯಿಂದ ಹಿಂದೂಸ್ತಾನಿ ಕೇಳುಗರಿಗೂ ತಲುಪಿತು. ಸಿದ್ಧಾಂತ ತನ್ನ ಭಾರವನ್ನು ಇಳಿಸಿಕೊಂಡ ಕಡೆಯಲ್ಲಿಯೇ ಅದರ ಪ್ರಭಾವ ಹೆಚ್ಚು ದೂರ ಹರಿದದ್ದು ಹೀಗೆ.

ಆದರೆ ಈ ಗೆಲುವಿಗೂ ಒಂದು ಬೆಲೆಯಿದೆ. ದಾಸರು ಹಾಡಿದ ಮೂಲ ಧಾಟಿಗಳು ಉಳಿದುಬಂದಿಲ್ಲ. 1850ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚಿಗೆ ತಂದಾಗ ಕೈಗೆ ದಕ್ಕಿದ್ದು ಮಾತು ಮಾತ್ರ. ಇಂದು ಕೇಳುವ ರಾಗಗಳು ಬಹುಪಾಲು ನಂತರದ ಗಾಯಕರು ಕೂಡಿಸಿದವು. ಕಛೇರಿಯಲ್ಲಿ ತನಿಯಾವರ್ತನ ಮುಗಿದು ಕೇಳುಗರು ಎದ್ದುಹೋಗಲು ಅಣಿಯಾಗುವ ಹೊತ್ತಿಗೆ ದೇವರನಾಮ ಬರುತ್ತದೆ. ಗಾಯಕರು ಆಗ ಎತ್ತಿಕೊಳ್ಳುವುದು ಹೆಚ್ಚಾಗಿ ಬಾಲಕೃಷ್ಣನ ಲೀಲೆಯನ್ನು. ಮಡಿವಂತರನ್ನು ಬೈಯುವ ಪದಗಳು ವಿದ್ಯಾರ್ಥಿಗಳ ಪಠ್ಯಪುಸ್ತಕಕ್ಕೂ ಜಯಂತಿಯ ಭಾಷಣಗಳಿಗೂ ಸರಿದುಹೋಗಿವೆ.